ಹೆಡ್‌ಲೈಟಿನೊಳಗೆ ಕಪ್ಪು ಬಣ್ಣ: ಅಂದಕ್ಕೆ ತೆರುವ ಬೆಲೆ ಎಷ್ಟು?

ಬಿಣಗಾ (ಕಾರವಾರ): ಕಾರಿನ ಹೆಡ್‌ಲೈಟಿನ ಒಳಗೆ ಬೆಳ್ಳಿಯಂತೆ ಹೊಳೆಯುವ ಭಾಗಗಳಿಗೆ ಕಪ್ಪು ಬಣ್ಣ ಬಳಿಸಿಕೊಳ್ಳುವ ಗೀಳು ಈಗ ಮಹಾನಗರಗಳಿಗಷ್ಟೇ ಸೀಮಿತವಾಗಿಲ್ಲ. ಟಾಟಾ ಹ್ಯಾರಿಯರ್‌ನ ‘ಡಾರ್ಕ್’ ಆವೃತ್ತಿ 2019ರಲ್ಲಿ, ಹ್ಯುಂಡೈ ಕ್ರೆಟಾದ ‘ನೈಟ್’ ಆವೃತ್ತಿ 2022ರಲ್ಲಿ ಮಾರುಕಟ್ಟೆಗೆ ಬಂದವು. ಕಂಪನಿಗಳೇ ಕಪ್ಪು ಬಣ್ಣಕ್ಕೆ ಇಷ್ಟು ಮನ್ನಣೆ ನೀಡಿದ ಮೇಲೆ ಹಳೆಯ ಕಾರುಗಳ ಮಾಲೀಕರಿಗೂ ಅದೇ ನೋಟ ಬೇಕೆನಿಸಿದರೆ ಅಚ್ಚರಿಯಿಲ್ಲ. ಹೊಸ ಕಾರು ಕೊಳ್ಳುವ ಬದಲು ಇರುವ ಕಾರಿನ ಹೆಡ್‌ಲೈಟ್ ಬಿಚ್ಚಿಸಿ, ಒಳಗೆ ಬಣ್ಣ ಹೊಡೆಸಿ, ಮತ್ತೆ ಮುಚ್ಚಿಸಿದರೆ ಕೆಲಸ ಮುಗಿಯಿತು ಎಂಬುದು ಅನೇಕರ ಲೆಕ್ಕಾಚಾರ.

ಆದರೆ ಹೆಡ್‌ಲೈಟ್ ಕಾರಿನ ಆಭರಣವಲ್ಲ. ರಾತ್ರಿ ವೇಳೆ ಚಾಲಕನಿಗೆ ಅದೇ ಕಣ್ಣು. ಕಪ್ಪು ಬಣ್ಣ ಬಳಿದರೆ ಬೆಳಕು ಕಡಿಮೆಯಾಗುತ್ತದೆಯೇ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಲಾಗದು. ಬಣ್ಣ ಯಾವ ಭಾಗಕ್ಕೆ ಬಿತ್ತು, ಬಣ್ಣ ಬಳಿಯಲು ಬಿಚ್ಚಿದ ದೀಪವನ್ನು ಹೇಗೆ ಮುಚ್ಚಲಾಯಿತು, ಆ ಕಾರು ಎಂಥ ಊರಿನಲ್ಲಿ ಓಡಾಡುತ್ತದೆ ಎಂಬ ಮೂರು ಸಂಗತಿಗಳ ಮೇಲೆ ಉತ್ತರ ನಿಂತಿದೆ. ಸಮುದ್ರ, ಗುಡ್ಡ ಮತ್ತು ಹೆದ್ದಾರಿ ಒಂದಕ್ಕೊಂದು ಅಂಟಿಕೊಂಡಿರುವ ಬಿಣಗಾದಂತಹ ಊರಿನಲ್ಲಿ ಮೂರನೆಯ ಸಂಗತಿಯೇ ನಿರ್ಣಾಯಕ.

ಡೂಮಿನೊಳಗೆ ಏನಿದೆ?

ಗ್ಯಾರೇಜುಗಳಲ್ಲಿ ‘ಡೂಮ್’ ಎಂದು ಕರೆಯುವ ಹೆಡ್‌ಲೈಟ್ ಘಟಕದಲ್ಲಿ ಮುಖ್ಯವಾಗಿ ನಾಲ್ಕು ಭಾಗಗಳಿವೆ. ಹೊರಗಡೆ ಪಾರದರ್ಶಕ ಹೊದಿಕೆ. ರೂಢಿಯಲ್ಲಿ ಇದನ್ನು ಗಾಜು ಎನ್ನುತ್ತಾರಾದರೂ ಈಚಿನ ಕಾರುಗಳಲ್ಲಿ ಇದು ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್. ಹಿಂಬದಿಯಲ್ಲಿ ಬಲ್ಬು ಮತ್ತು ವೈರುಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ಕವಚ. ಇವೆರಡರ ನಡುವೆ ಬಲ್ಬಿನ ಸುತ್ತ ಬಟ್ಟಲಿನಾಕಾರದ ರಿಫ್ಲೆಕ್ಟರ್, ಅಂದರೆ ಪ್ರತಿಫಲಕ. ಅದರ ಸುತ್ತಲಿನ ಖಾಲಿ ಜಾಗವನ್ನು ಮುಚ್ಚಲು ಕೂರಿಸಿದ ಅಲಂಕಾರದ ಚೌಕಟ್ಟು ನಾಲ್ಕನೆಯದು. ಇದಕ್ಕೆ ಬೆಜೆಲ್ ಎಂಬ ಹೆಸರಿದೆ.

ರಿಫ್ಲೆಕ್ಟರ್ ಮತ್ತು ಬೆಜೆಲ್ ಎರಡೂ ಹೊರನೋಟಕ್ಕೆ ಒಂದೇ ರೀತಿ ಹೊಳೆಯುತ್ತವೆ. ಗೊಂದಲ ಆರಂಭವಾಗುವುದು ಇಲ್ಲಿಂದಲೇ. ಬೆಜೆಲ್ ಇರುವುದು ನೋಟಕ್ಕೆ. ರಿಫ್ಲೆಕ್ಟರ್ ಇರುವುದು ಕೆಲಸಕ್ಕೆ. ಬಲ್ಬು ಎಲ್ಲ ದಿಕ್ಕಿಗೂ ಚೆಲ್ಲುವ ಬೆಳಕನ್ನು ಹಿಡಿದು ರಸ್ತೆಯ ಮೇಲೆ ಬೀಳಿಸುವುದು ರಿಫ್ಲೆಕ್ಟರಿನ ಹೊಣೆ. ಅದರ ಮೇಲಿರುವ ಅಲ್ಯೂಮಿನಿಯಂ ಲೇಪನ ಒಂದು ಮೈಕ್ರಾನ್‌ಗಿಂತಲೂ ತೆಳು. ಅಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ಬಟ್ಟೆಯಿಂದ ಒತ್ತಿ ಒರೆಸಿದರೂ ಗೀರು ಬೀಳುವಷ್ಟು ಇದು ಸೂಕ್ಷ್ಮ.

ಹಿಂದಿನ ಕಾರುಗಳಲ್ಲಿ ಗಾಜಿನ ಮೇಲೆಯೇ ಗೆರೆಗಳಿದ್ದು, ಬೆಳಕನ್ನು ಹರಡುವ ಕೆಲಸವನ್ನು ಅವು ಹಂಚಿಕೊಳ್ಳುತ್ತಿದ್ದವು. ಈಗಿನ ಹೊದಿಕೆಗಳಲ್ಲಿ ಗೆರೆಗಳಿಲ್ಲ. ರಿಫ್ಲೆಕ್ಟರಿನ ಮೈಮೇಲೆ ಕಾಣುವ ಸಣ್ಣ ಸಣ್ಣ ಮಡಿಕೆಗಳೇ ಆ ಕೆಲಸವನ್ನೆಲ್ಲ ಮಾಡುತ್ತವೆ. ಒಂದು ಮಡಿಕೆ ಎಡಬದಿಯ ಪಾದಚಾರಿಯತ್ತ ಬೆಳಕು ಬೀರಿದರೆ ಇನ್ನೊಂದು ಕಾರಿನ ನೇರ ಮುಂದಿನ ರಸ್ತೆಯತ್ತ ಬೀರುತ್ತದೆ. ಒಂದೊಂದು ಮಡಿಕೆಗೂ ರಸ್ತೆಯ ಒಂದೊಂದು ತುಂಡಿನ ಜವಾಬ್ದಾರಿ ಇದೆ ಎನ್ನಬಹುದು.

ಎರಡು ಕಪ್ಪು, ಎರಡು ಪರಿಣಾಮ

ಬೆಜೆಲ್‌ಗೆ ಮಾತ್ರ ಕಪ್ಪು ಬಣ್ಣ ಬಳಿದರೆ ರಸ್ತೆಗೆ ಬೀಳುವ ಬೆಳಕಿನಲ್ಲಿ ಗಣನೀಯ ವ್ಯತ್ಯಾಸವಾಗದು. ಅತ್ತಿತ್ತ ಚದುರುವ ಬೆಳಕನ್ನು ಕಪ್ಪು ಬೆಜೆಲ್ ಹೀರಿಕೊಳ್ಳುವುದರಿಂದ ಅನಗತ್ಯ ಹೊಳಪು ಸ್ವಲ್ಪ ತಗ್ಗಲೂಬಹುದು. ಕಾರು ತಯಾರಕರು ಕಾರ್ಖಾನೆಯಲ್ಲಿಯೇ ಕಪ್ಪು ಬೆಜೆಲ್ ಕೂರಿಸುತ್ತಿರುವುದು ಸಾಧ್ಯವಾಗಿರುವುದೂ ಈ ಕಾರಣಕ್ಕೆ. ಪ್ರೊಜೆಕ್ಟರ್ ಮಾದರಿಯ ದೀಪಗಳಲ್ಲಿ ಗುಂಡು ಮಸೂರದ ಹಿಂದೆ ಪ್ರತಿಫಲಕವೂ ಬೆಳಕನ್ನು ಕತ್ತರಿಸುವ ತಗಡೂ ಅಡಗಿರುತ್ತವೆ. ಹೊರಗೆ ಕಾಣುವ ಹೊಳಪಿನ ಭಾಗದ ಬಹುಪಾಲು ಅಲಂಕಾರವೇ ಆಗಿರುತ್ತದೆ.

ರಿಫ್ಲೆಕ್ಟರಿಗೆ ಕಪ್ಪು ಬಿದ್ದರೆ ಕಥೆಯೇ ಬೇರೆ. ಅಲ್ಯೂಮಿನಿಯಂ ಲೇಪನ ತನ್ನ ಮೇಲೆ ಬಿದ್ದ ಬೆಳಕಿನ ನೂರಕ್ಕೆ 85ರಿಂದ 90 ಪಾಲನ್ನು ಹಿಂದಿರುಗಿಸುತ್ತದೆ. ಹೊಳಪಿಲ್ಲದ ಕಪ್ಪು ಬಣ್ಣ ಹಿಂದಿರುಗಿಸುವುದು ನೂರಕ್ಕೆ ಐದರ ಆಸುಪಾಸು. ಉಳಿದದ್ದು ಶಾಖವಾಗಿ ಡೂಮಿನೊಳಗೇ ಉಳಿಯುತ್ತದೆ.

ದೇಶದ ಅಗ್ಗದ ಮತ್ತು ಮಧ್ಯಮ ದರ್ಜೆಯ ಕಾರುಗಳಲ್ಲಿ ದೀರ್ಘಕಾಲ ಬಳಕೆಯಲ್ಲಿರುವ ಎಚ್4 ಹ್ಯಾಲೊಜೆನ್ ಬಲ್ಬನ್ನೇ ಉದಾಹರಣೆಯಾಗಿ ನೋಡಬಹುದು. ಇದರೊಳಗೆ ಎರಡು ತಂತುಗಳಿವೆ. ಬ್ರೈಟ್‌ಗೆ 60 ವಾಟ್, ಡಿಮ್‌ಗೆ 55 ವಾಟ್. ಡಿಮ್ ತಂತುವಿನ ಕೆಳಗೆ ಚಮಚದಂತಹ ಸಣ್ಣ ಲೋಹದ ಮರೆಯೊಂದಿದೆ. ಆದ್ದರಿಂದ ಡಿಮ್ ಬೆಳಕು ರಿಫ್ಲೆಕ್ಟರಿನ ಮೇಲಿನ ಅರ್ಧಕ್ಕೆ ಮಾತ್ರ ಬಡಿದು, ಅಲ್ಲಿಂದ ಕೆಳಮುಖವಾಗಿ ರಸ್ತೆಗೆ ಬೀಳುತ್ತದೆ. ಎದುರಿನವರ ಕಣ್ಣಿಗೆ ಬೆಳಕು ಹೊಡೆಯದಿರುವುದು ಈ ಏರ್ಪಾಟಿನಿಂದಲೇ. ಹೀಗಿರುವಾಗ ಚೆಂದಕ್ಕೆಂದು ರಿಫ್ಲೆಕ್ಟರಿನ ಮೇಲಂಚಿಗೆ ಕಪ್ಪು ಬಳಿದರೆ ನಷ್ಟವಾಗುವುದು ನೇರವಾಗಿ ಡಿಮ್ ಬೆಳಕು. ಪಟ್ಟಣದೊಳಗೂ ಎದುರು ವಾಹನವಿರುವ ಹೆದ್ದಾರಿಯಲ್ಲೂ ಚಾಲಕ ನೆಚ್ಚಿಕೊಳ್ಳುವುದು ಇದನ್ನೇ.

ಇನ್ನೊಂದು ಅಂಶ ಹಲವರ ಗಮನಕ್ಕೆ ಬರುವುದಿಲ್ಲ. ತಿರುವು ಸೂಚಿಸುವ ಇಂಡಿಕೇಟರ್ ಬಹಳಷ್ಟು ಕಾರುಗಳಲ್ಲಿ ಇದೇ ಡೂಮಿನ ಮೂಲೆಯಲ್ಲಿರುತ್ತದೆ. ಅದಕ್ಕೂ ಪುಟ್ಟ ರಿಫ್ಲೆಕ್ಟರ್ ಇದೆ. ಬೆಜೆಲ್ ಜೊತೆಗೆ ಅದೂ ಕಪ್ಪಾದರೆ ಹಗಲಿನ ಬಿಸಿಲಿನಲ್ಲಿ ಇಂಡಿಕೇಟರ್ ಮಿನುಗುವುದು ಎದುರಿನವರಿಗೆ ಸರಿಯಾಗಿ ಕಾಣಿಸದು.

ಬೆಳಕು ಅರ್ಧವಾದರೆ ದೂರ ಎಷ್ಟು?

ಸ್ವಲ್ಪ ಬೆಳಕು ಕಡಿಮೆಯಾದರೇನಂತೆ ಎಂದು ಕೇಳುವವರಿದ್ದಾರೆ. ಇದಕ್ಕೆ ಸರಳ ಲೆಕ್ಕವೊಂದು ಉತ್ತರ ನೀಡುತ್ತದೆ.

ಅಪಾಯ ಕಂಡ ಮೇಲೆ ಚಾಲಕ ಬ್ರೇಕ್ ಒತ್ತಲು ಒಂದೂವರೆ ಸೆಕೆಂಡ್ ಹಿಡಿಯುತ್ತದೆ ಎಂದಿಟ್ಟುಕೊಳ್ಳೋಣ. ಒದ್ದೆ ರಸ್ತೆಯಲ್ಲಿ ಕಾರಿನ ವೇಗ ಪ್ರತಿ ಸೆಕೆಂಡಿಗೆ 4 ಮೀಟರಿನಷ್ಟು ತಗ್ಗುತ್ತದೆ ಎಂದುಕೊಳ್ಳೋಣ. ಗಂಟೆಗೆ 80 ಕಿ.ಮೀ. ವೇಗದ ಕಾರು ಪೂರ್ತಿ ನಿಲ್ಲಲು ಆಗ ಸುಮಾರು 95 ಮೀಟರ್ ಬೇಕು. ವೇಗ 60 ಕಿ.ಮೀ. ಇದ್ದರೆ 60 ಮೀಟರ್ ಸಾಕು. ಡಿಮ್ ಬೆಳಕಿನಲ್ಲಿ ಗಾಢ ಬಣ್ಣದ ಬಟ್ಟೆ ತೊಟ್ಟ ಪಾದಚಾರಿ 60 ಮೀಟರ್ ದೂರದಿಂದ ಕಾಣುತ್ತಾನೆ ಎಂದು ಭಾವಿಸಿದರೂ, ಆ ಬೆಳಕಿನಲ್ಲಿ 60 ಕಿ.ಮೀ. ಮೀರಿದ ವೇಗ ಸುರಕ್ಷಿತವಲ್ಲ ಎಂಬುದು ಇದರಿಂದ ಸ್ಪಷ್ಟ.

ಇನ್ನು ರಿಫ್ಲೆಕ್ಟರಿಗೆ ಬಿದ್ದ ಬಣ್ಣದಿಂದ ಬೆಳಕು ಅರ್ಧಕ್ಕಿಳಿಯಿತು ಎನ್ನೋಣ. ದೂರ ಹೆಚ್ಚಿದಂತೆ ಬೆಳಕು ದೂರದ ವರ್ಗದ ಪ್ರಮಾಣದಲ್ಲಿ ಕ್ಷೀಣಿಸುವುದರಿಂದ, ಮೊದಲು 60 ಮೀಟರಿನಲ್ಲಿ ಕಾಣುತ್ತಿದ್ದ ವ್ಯಕ್ತಿ ಈಗ ಕಾಣುವುದು ಸುಮಾರು 42 ಮೀಟರಿನಲ್ಲಿ. ಅಷ್ಟರೊಳಗೆ ಕಾರು ನಿಲ್ಲಬೇಕಾದರೆ ವೇಗ 48 ಕಿ.ಮೀ. ಮೀರುವಂತಿಲ್ಲ. ಇದು ಸ್ಥೂಲ ಲೆಕ್ಕವೇ ಸರಿ. ಟೈರು, ಬ್ರೇಕು ಮತ್ತು ಚಾಲಕನ ವಯಸ್ಸಿಗೆ ತಕ್ಕಂತೆ ಅಂಕಿಗಳು ಬದಲಾಗುತ್ತವೆ. ಆದರೆ ಬಣ್ಣ ಬಳಿಸಿಕೊಂಡ ಚಾಲಕ ತನ್ನ ವೇಗವನ್ನು 60ರಿಂದ 48ಕ್ಕೆ ಇಳಿಸಿಕೊಳ್ಳುವುದಿಲ್ಲ ಎಂಬುದೇ ಇಲ್ಲಿನ ಅಪಾಯ. ಕಡಿಮೆಯಾದ ಬೆಳಕಿಗೆ ಕಣ್ಣು ನಾಲ್ಕಾರು ದಿನಗಳಲ್ಲಿ ಒಗ್ಗಿಕೊಂಡಂತೆ ಅನಿಸುತ್ತದೆ. ನಿಲ್ಲಲು ಬೇಕಾದ ದೂರ ಮಾತ್ರ ಕಡಿಮೆಯಾಗುವುದಿಲ್ಲ.

ಬಿಣಗಾದಿಂದ ಅಂಕೋಲಾವರೆಗೆ

ಈ ಲೆಕ್ಕ ಎಲ್ಲ ರಸ್ತೆಗಳಿಗೂ ಅನ್ವಯಿಸುತ್ತದೆಯಾದರೂ ಕಾರವಾರ ಮತ್ತು ಅಂಕೋಲಾ ನಡುವಿನ ಸುಮಾರು 35 ಕಿ.ಮೀ. ಹೆದ್ದಾರಿಯಲ್ಲಿ ಅದಕ್ಕೆ ವಿಶೇಷ ಅರ್ಥವಿದೆ. ಹಿಂದೆ ರಾಷ್ಟ್ರೀಯ ಹೆದ್ದಾರಿ 17 ಎಂದು ಕರೆಯಲಾಗುತ್ತಿದ್ದ ಈ ರಸ್ತೆಗೆ 2010ರ ಮರುಸಂಖ್ಯೀಕರಣದಲ್ಲಿ 66 ಎಂಬ ಸಂಖ್ಯೆ ಬಂದಿತು. ಒಂದು ಬದಿಗೆ ಸಹ್ಯಾದ್ರಿಯ ಚಾಚು, ಇನ್ನೊಂದು ಬದಿಗೆ ಅರಬ್ಬಿ ಸಮುದ್ರ. ನಡುವೆ ಸಿಕ್ಕಿದ ಕಿರಿದಾದ ಪಟ್ಟಿಯಲ್ಲಿ ಹೆದ್ದಾರಿ, ಊರುಗಳು ಮತ್ತು 2005ರ ಮೇ 31ರಂದು ಕಾರ್ಯಾರಂಭ ಮಾಡಿದ ಐಎನ್‌ಎಸ್ ಕದಂಬ ನೌಕಾನೆಲೆ ಇವೆ.

ಕಾರವಾರ ನಗರ ಮತ್ತು ಬಿಣಗಾ ನಡುವೆ ಚತುಷ್ಪಥ ಕಾಮಗಾರಿಯಲ್ಲಿ ಗುಡ್ಡ ಕೊರೆದು ಸುರಂಗಗಳನ್ನು ನಿರ್ಮಿಸಲಾಗಿದೆ. 2023ರ ಮಳೆಗಾಲದಲ್ಲಿ ಸುರಂಗದಲ್ಲಿ ನೀರು ಸೋರುವ ವಿಷಯ ವಿವಾದಕ್ಕೆ ಕಾರಣವಾಗಿ, ಕೆಲಕಾಲ ಸಂಚಾರವನ್ನೂ ತಡೆಹಿಡಿಯಲಾಗಿತ್ತು. ಸುರಂಗದ ವಿದ್ಯುದ್ದೀಪಗಳ ಬೆಳಕಿನಿಂದ ಹೊರಗಿನ ಕತ್ತಲೆಗೆ ಬಂದೊಡನೆ ಚಾಲಕನ ಕಣ್ಣು ಆ ಕತ್ತಲೆಗೆ ಹೊಂದಿಕೊಳ್ಳಲು ಸಮಯ ಬೇಕಾಗುತ್ತದೆ. ಆ ಹೊತ್ತಿನಲ್ಲಿ ಅವನಿಗೆ ಆಸರೆ ಹೆಡ್‌ಲೈಟ್ ಒಂದೇ.

ದಕ್ಷಿಣಕ್ಕೆ ಸಾಗಿದರೆ ಅರಗಾ, ಚೆಂಡಿಯಾ, ತೋಡೂರು, ಅಮದಳ್ಳಿ, ಹಟ್ಟಿಕೇರಿ, ಅವರ್ಸಾ. ಹೆದ್ದಾರಿ ಅಗಲವಾಗಿರುವುದರಿಂದ ವಾಹನಗಳ ವೇಗ ಹೆಚ್ಚಿದೆ. ಊರಿನ ಜನ ಮಾತ್ರ ಅದೇ ರಸ್ತೆಯನ್ನು ದಾಟಿಯೇ ಮನೆ ಸೇರಬೇಕು. ನಸುಕಿನಲ್ಲಿ ಮೀನಿನ ಬುಟ್ಟಿ ಹೊತ್ತ ಮಹಿಳೆಯರು, ಪಾಳಿ ಮುಗಿಸಿದ ಕಾರ್ಮಿಕರು, ಮಳೆಗಾಲದಲ್ಲಿ ಒಣ ಜಾಗ ಹುಡುಕಿ ಡಾಂಬರಿನ ಮೇಲೆ ಮಲಗುವ ಬಿಡಾಡಿ ದನಗಳು ಹೆದ್ದಾರಿಯ ನಿತ್ಯದ ನೋಟ. ಕಪ್ಪು ಎಮ್ಮೆಯೊಂದು ಒದ್ದೆ ಡಾಂಬರಿನ ಮೇಲೆ ನಿಂತಿದ್ದರೆ ಒಳ್ಳೆಯ ಹೆಡ್‌ಲೈಟಿಗೂ ಅದನ್ನು ತೋರಿಸುವುದು ಕಷ್ಟ.

ಮಳೆಗಾಲದ ರಸ್ತೆ ಹೆಚ್ಚು ಕಪ್ಪಾಗಿ ಕಾಣುವುದಕ್ಕೂ ಕಾರಣವಿದೆ. ಒಣ ರಸ್ತೆಯ ಒರಟು ಮೇಲ್ಮೈ ಹೆಡ್‌ಲೈಟಿನ ಬೆಳಕನ್ನು ಎಲ್ಲ ಕಡೆಗೂ ಚದುರಿಸುತ್ತದೆ. ಅದರಲ್ಲಿ ಒಂದಿಷ್ಟು ಚಾಲಕನ ಕಣ್ಣಿಗೆ ಮರಳುತ್ತದೆ. ರಸ್ತೆಯ ಮೇಲೆ ನೀರಿನ ಪದರ ನಿಂತಾಗ ಅದು ಕನ್ನಡಿಯಂತಾಗಿ ಬೆಳಕನ್ನು ಮುಂದಕ್ಕೆ ಜಾರಿಸಿಬಿಡುತ್ತದೆ. ಹೀಗಾಗಿ ಚಾಲಕನಿಗೆ ರಸ್ತೆ ಕಾಣದು. ಎದುರಿನವನಿಗೆ ಮಾತ್ರ ಕಣ್ಣು ಕುಕ್ಕುತ್ತದೆ. ಬೆಳಕು ಹೆಚ್ಚು ಬೇಕಾದ ಕಾಲವೇ ಬೆಳಕು ಕಡಿಮೆ ಮರಳುವ ಕಾಲವೂ ಆಗಿದೆ.

ಬಿಸಿಲಲ್ಲ, ಉಪ್ಪುಗಾಳಿಯೇ ಶತ್ರು

ಬೆಜೆಲ್‌ಗೆ ಮಾತ್ರ ಬಣ್ಣ ಬಳಿಸಿದವರು ಕ್ಷೇಮವೇ? ಬೆಳಕಿನ ಮಟ್ಟಿಗೆ ಹೌದು. ಆದರೆ ಬೆಜೆಲ್ ತಲುಪಬೇಕಾದರೆ ಡೂಮನ್ನು ಬಿಚ್ಚಲೇಬೇಕು. ನಿಜವಾದ ಸಮಸ್ಯೆ ಹುಟ್ಟುವುದು ಆಗ.

ಕಾರ್ಖಾನೆಯಲ್ಲಿ ಹೊದಿಕೆ ಮತ್ತು ಹಿಂಬದಿಯ ಕವಚವನ್ನು ಬ್ಯುಟೈಲ್ ಎಂಬ ರಬ್ಬರಿನಂತಹ ಅಂಟಿನಿಂದ ಸುತ್ತಲೂ ಮುಚ್ಚಿರುತ್ತಾರೆ. ಗ್ಯಾರೇಜಿನಲ್ಲಿ ಡೂಮನ್ನು ಓವನ್‌ನಲ್ಲಿಟ್ಟು ಅಥವಾ ಹೀಟ್ ಗನ್ ಹಿಡಿದು ಈ ಅಂಟನ್ನು ಮೆತ್ತಗೆ ಮಾಡಿ, ಹೊದಿಕೆಯನ್ನು ಎಬ್ಬಿ ತೆಗೆಯಲಾಗುತ್ತದೆ. ಶಾಖ ಹೆಚ್ಚಾದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಕಡಿಮೆಯಾದರೆ ಅಂಚು ಸೀಳುತ್ತದೆ. ಕೆಲವು ಹೊಸ ದೀಪಗಳಲ್ಲಿ ಬಿಸಿಗೆ ಜಗ್ಗದ ಶಾಶ್ವತ ಅಂಟು ಬಳಸಿರುತ್ತಾರೆ. ಅಂಥವನ್ನು ಕತ್ತರಿಸದೆ ತೆರೆಯಲಾಗದು. ಬಣ್ಣ ಒಣಗಿದ ಮೇಲೆ ಹೊಸ ಅಂಟು ಹಾಕಿ ಒತ್ತಿ ಮುಚ್ಚುತ್ತಾರೆ. ಕೈಯಿಂದ ಮಾಡಿದ ಈ ಮುಚ್ಚುಗೆ ಸುತ್ತಲೂ ಒಂದೇ ಸಮನಾಗಿ ಕೂತಿದೆಯೇ ಎಂಬುದನ್ನು ನೋಡಿ ಹೇಳಲು ಸಾಧ್ಯವಿಲ್ಲ.

ಡೂಮು ಉಸಿರಾಡುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ. ದೀಪ ಉರಿದಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಿಂದ 80 ಡಿಗ್ರಿಗೆ ಏರಿದರೆ ಒಳಗಿನ ಗಾಳಿಯ ಏಳನೇ ಒಂದರಷ್ಟು ಪಾಲು ಹೊರಹೋಗಬೇಕಾಗುತ್ತದೆ. ದೀಪ ಆರಿಸಿದಾಗ ಅಷ್ಟೇ ಗಾಳಿ ಒಳಗೆ ಬರಬೇಕು. ಇದಕ್ಕೆಂದೇ ಹಿಂಬದಿಯಲ್ಲಿ ಸಣ್ಣ ಗಾಳಿಕಿಂಡಿಗಳಿವೆ. ಗಾಳಿ ಬಿಡುವ, ನೀರು ತಡೆಯುವ ವ್ಯವಸ್ಥೆ ಅವುಗಳಲ್ಲಿದೆ. ಆದರೆ ಅಂಟಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಡೂಮು ಅಲ್ಲಿಂದಲೂ ಉಸಿರೆಳೆಯುತ್ತದೆ. ಬಿಸಿಯಾದ ದೀಪದ ಮೇಲೆ ಮಳೆ ಸುರಿದು ಅದು ಥಟ್ಟನೆ ತಣ್ಣಗಾದಾಗ ಗಾಳಿಯ ಜೊತೆ ನೀರೂ ಒಳಸೇರುತ್ತದೆ. ಕಿಂಡಿಯನ್ನೇ ತಪ್ಪಾಗಿ ಅಂಟಿನಿಂದ ಮುಚ್ಚಿದ್ದರಂತೂ ಬಿರುಕೊಂದೇ ದಾರಿ.

ವರ್ಷಕ್ಕೆ ಸರಾಸರಿ 3000 ಮಿ.ಮೀ. ಆಸುಪಾಸು ಮಳೆ ಕಾಣುವ ಕಾರವಾರದಲ್ಲಿ ಇದರ ಪರಿಣಾಮ ಒಂದೇ ಮಳೆಗಾಲದಲ್ಲಿ ಗೋಚರಿಸಬಹುದು. ಮೊದಲು ಹೊದಿಕೆಯ ಒಳಮೈಯಲ್ಲಿ ಬೆವರಿನಂತೆ ಮಂಜು. ಅದು ಡಿಮ್ ಬೆಳಕಿನ ಅಂಚನ್ನು ಕಲಕಿ, ರಸ್ತೆಗೆ ಬೀಳಬೇಕಾದ ಬೆಳಕನ್ನು ಎದುರಿನವರ ಕಣ್ಣಿಗೆ ಚದುರಿಸುತ್ತದೆ. ಅನಂತರ ಬಲ್ಬಿನ ಹೋಲ್ಡರಿಗೆ ತುಕ್ಕು. ಕೊನೆಗೆ ಸಮುದ್ರದ ಉಪ್ಪಿನಂಶ ಸೇರಿದ ತೇವ ರಿಫ್ಲೆಕ್ಟರಿನ ತೆಳು ಅಲ್ಯೂಮಿನಿಯಂ ಲೇಪನವನ್ನು ತಿನ್ನತೊಡಗುತ್ತದೆ. ಲೇಪನ ಮಂಕಾಗಿ, ಹೊಪ್ಪಳೆಯಂತೆ ಏಳುತ್ತದೆ. ಬಣ್ಣವನ್ನೇ ಸೋಕಿಸದ ರಿಫ್ಲೆಕ್ಟರ್ ಹೀಗೆ ತಾನಾಗಿಯೇ ಕಪ್ಪಾಗುತ್ತದೆ. ಒರೆಸಿ ಸರಿಪಡಿಸುವಂತಿಲ್ಲ, ಡೂಮನ್ನೇ ಬದಲಿಸಬೇಕು. ಒಳನಾಡಿನ ಒಣ ಊರಿನಲ್ಲಿ ವರ್ಷಗಟ್ಟಲೆ ತಡೆಯಬಹುದಾದ ಕೆಲಸ ಕರಾವಳಿಯಲ್ಲಿ ಬೇಗ ಸೋಲುವುದು ಇದಕ್ಕೇ.

ಶಾಖದ ಸಮಸ್ಯೆಯೂ ಸಣ್ಣದಲ್ಲ. ಹ್ಯಾಲೊಜೆನ್ ಬಲ್ಬು ಬಳಸುವ ವಿದ್ಯುತ್ತಿನ ಬಹುಪಾಲು ಶಾಖವಾಗಿಯೇ ಹೊಮ್ಮುತ್ತದೆ. ಕಪ್ಪು ಮೈ ಅದನ್ನು ಇನ್ನಷ್ಟು ಹೀರುತ್ತದೆ. ಶಾಖ ತಡೆಯದ ಸಾಮಾನ್ಯ ಸ್ಪ್ರೇ ಬಣ್ಣ ಬಳಸಿದ್ದರೆ ಅದರಿಂದ ಆವಿ ಎದ್ದು ಹೊದಿಕೆಯ ಒಳಗೆ ಮಸುಕು ಪರದೆಯಂತೆ ಕೂರುತ್ತದೆ.

ಹಿಂದಿನ ಕಪ್ಪು ಬೊಟ್ಟು

ಹೆಡ್‌ಲೈಟಿಗೆ ಕಪ್ಪು ಬಳಿಯುವುದು ನಮ್ಮ ದೇಶಕ್ಕೆ ಹೊಸತೇನಲ್ಲ. 1965 ಮತ್ತು 1971ರ ಯುದ್ಧಗಳ ವೇಳೆ ಬೆಳಕು ಮರೆಮಾಚುವ ನಿಯಮದ ಅಂಗವಾಗಿ ವಾಹನಗಳ ದೀಪಗಳಿಗೆ ಕಪ್ಪು ಬಳಿಸಲಾಗುತ್ತಿತ್ತು. ಅದಾದ ಬಹುಕಾಲದವರೆಗೂ ಲಾರಿ, ಬಸ್ಸು, ಅಂಬಾಸಿಡರ್ ಕಾರುಗಳ ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಣ್ಣ ಅಥವಾ ನಡುವೆ ದುಂಡನೆಯ ಕಪ್ಪು ಬೊಟ್ಟು ಇರುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. 1989ರಿಂದ ಪ್ರತಿ ಜನವರಿಯಲ್ಲಿ ಆಚರಿಸಲಾಗುತ್ತಿದ್ದ ರಸ್ತೆ ಸುರಕ್ಷತಾ ಸಪ್ತಾಹದಲ್ಲಿ ಪೊಲೀಸರು ಮತ್ತು ಸಾರಿಗೆ ಇಲಾಖೆಯ ಸಿಬ್ಬಂದಿ ವಾಹನಗಳನ್ನು ನಿಲ್ಲಿಸಿ ಕಪ್ಪು ಪಟ್ಟಿ ಅಂಟಿಸುವುದು ವಾಡಿಕೆಯೇ ಆಗಿತ್ತು. 2021ರಲ್ಲಿ ಈ ಸಪ್ತಾಹದ ಬದಲು ಮಾಸಾಚರಣೆ ನಡೆಯಿತು.

ಆ ಕಪ್ಪು ಎದುರಿನಿಂದ ಬರುವವನ ಕಣ್ಣನ್ನು ಕಾಯಲು ಬಳಿದದ್ದು. ಅಂದಿನ ದೀಪಗಳಲ್ಲಿ ಬೆಳಕಿನ ಮೇಲಂಚನ್ನು ಖಚಿತವಾಗಿ ಕತ್ತರಿಸುವ ವ್ಯವಸ್ಥೆ ದುರ್ಬಲವಾಗಿದ್ದುದರಿಂದ ಅದಕ್ಕೊಂದು ಅರ್ಥವಿತ್ತು. ಈಗಿನ ದೀಪಗಳಲ್ಲಿ ಆ ಕೆಲಸವನ್ನು ರಿಫ್ಲೆಕ್ಟರ್ ಮತ್ತು ಬಲ್ಬಿನೊಳಗಿನ ಮರೆಯೇ ಮಾಡುತ್ತವೆ. ಎಡಗಡೆ ಚಲಿಸುವ ನಮ್ಮ ದೇಶದಲ್ಲಿ ಡಿಮ್ ಬೆಳಕಿನ ಅಂಚು ಬಲಕ್ಕೆ ತಗ್ಗಾಗಿಯೂ ಎಡಬದಿಯ ಪಾದಚಾರಿಗಳನ್ನು ತೋರಿಸಲು ಎಡಕ್ಕೆ ಏರಿಕೆಯಾಗಿಯೂ ಇರುತ್ತದೆ. ಹೊರದೇಶದ ಬಲಬದಿ ಸಂಚಾರಕ್ಕೆಂದು ತಯಾರಾದ ಕಪ್ಪು ಡೂಮುಗಳನ್ನು ಅಗ್ಗಕ್ಕೆ ಸಿಕ್ಕವೆಂದು ತರಿಸಿ ಕೂರಿಸಿದರೆ ಈ ಏರಿಕೆ ತಿರುಗುಮುರುಗಾಗಿ, ಬೆಳಕು ನೇರವಾಗಿ ಎದುರು ವಾಹನದ ಚಾಲಕನ ಮುಖಕ್ಕೆ ಬಡಿಯುತ್ತದೆ.

ಕತ್ತಲೆಗೆ ಮದ್ದೆಂದು ಇನ್ನೊಂದು ತಪ್ಪು

ಬಣ್ಣ ಬಳಿಸಿದ ಮೇಲೆ ಬೆಳಕು ಸಾಲದೆನಿಸಿದಾಗ ಮಾಲೀಕ ಮಾಡುವ ಮುಂದಿನ ಕೆಲಸ ಹೆಚ್ಚು ಶಕ್ತಿಯ ಬಲ್ಬು ಹಾಕಿಸುವುದು. ಒಂದು ತಪ್ಪು ಇನ್ನೊಂದಕ್ಕೆ ಬಾಗಿಲು ತೆರೆಯುವುದು ಇಲ್ಲಿ.

60 ವಾಟ್ ಬಲ್ಬಿಗೆ 12 ವೋಲ್ಟ್‌ನಲ್ಲಿ 5 ಆಂಪಿಯರ್ ವಿದ್ಯುತ್ ಸಾಕು. 100 ವಾಟ್ ಬಲ್ಬಿಗೆ 8 ಆಂಪಿಯರ್‌ಗೂ ಹೆಚ್ಚು ಬೇಕು. ಕಾರಿನ ವೈರು, ಸ್ವಿಚ್ಚು ಮತ್ತು ಪ್ಲಾಸ್ಟಿಕ್ ಹೋಲ್ಡರುಗಳು ಇದಕ್ಕೆ ತಯಾರಾದವಲ್ಲ. ಎಲ್‌ಇಡಿ ಬಲ್ಬುಗಳು ಕಡಿಮೆ ವಿದ್ಯುತ್ ಬಳಸುತ್ತವೆ ನಿಜ. ಆದರೆ ಹ್ಯಾಲೊಜೆನ್ ತಂತುವಿಗೆಂದು ರೂಪಿಸಿದ ರಿಫ್ಲೆಕ್ಟರಿನಲ್ಲಿ ಬೆಳಕಿನ ಮೂಲ ಕೆಲವೇ ಮಿಲಿಮೀಟರ್ ಜರುಗಿದರೂ, ಅದರ ಆಕಾರ ಬದಲಾದರೂ ಬೆಳಕಿನ ಅಂಚು ಕೆಡುತ್ತದೆ. ಕಾರಿನ ಮುಂದೆ ಬೆಳ್ಳನೆಯ ಬೆಳಕು ಧಾರಾಳವಾಗಿ ಚೆಲ್ಲಿದಂತೆ ಕಂಡು ಚಾಲಕನಿಗೆ ಸಮಾಧಾನವಾಗುತ್ತದೆ. ದೂರದ ರಸ್ತೆ ಕತ್ತಲಾಗಿಯೇ ಉಳಿಯುತ್ತದೆ. ಎದುರಿನವರ ಕಣ್ಣು ಮಾತ್ರ ಕೋರೈಸುತ್ತದೆ. ಒಮ್ಮೆ ಕೋರೈಸಿದ ಕಣ್ಣು ಚೇತರಿಸಿಕೊಳ್ಳಲು ಕೆಲವು ಸೆಕೆಂಡುಗಳೇ ಬೇಕು. 80 ಕಿ.ಮೀ. ವೇಗದಲ್ಲಿ ಪ್ರತಿ ಸೆಕೆಂಡಿಗೆ 22 ಮೀಟರ್ ಸಾಗುವ ವಾಹನ ಅಷ್ಟರಲ್ಲಿ ಕುರುಡಾಗಿಯೇ ಮುನ್ನುಗ್ಗುತ್ತದೆ.

ಇಂತಹ ದೀಪಗಳ ಹಾವಳಿ ಮಿತಿಮೀರಿದ್ದರಿಂದಲೇ ರಾಜ್ಯ ಪೊಲೀಸ್ ಇಲಾಖೆಯ ಸಂಚಾರ ಮತ್ತು ರಸ್ತೆ ಸುರಕ್ಷತಾ ವಿಭಾಗ 2024ರ ಜುಲೈನಲ್ಲಿ ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯದಾದ್ಯಂತ ವಿಶೇಷ ಕಾರ್ಯಾಚರಣೆ ಕೈಗೊಂಡು ಪ್ರಕರಣಗಳನ್ನು ದಾಖಲಿಸಿತ್ತು.

ಕಾನೂನು ಏನು ಹೇಳುತ್ತದೆ?

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 105ನೇ ನಿಯಮ ದೀಪ ಉರಿಸಬೇಕಾದ ಸಮಯವನ್ನು ನಿಗದಿಪಡಿಸುತ್ತದೆ. ಸೂರ್ಯಾಸ್ತದ ಅರ್ಧ ಗಂಟೆಯ ನಂತರದಿಂದ ಸೂರ್ಯೋದಯದ ಅರ್ಧ ಗಂಟೆ ಮುಂಚಿನವರೆಗೆ ಮಾತ್ರವಲ್ಲ, 155 ಮೀಟರ್ ದೂರದ ವ್ಯಕ್ತಿ ಅಥವಾ ವಾಹನ ಸ್ಪಷ್ಟವಾಗಿ ಕಾಣದಿರುವ ಯಾವುದೇ ವೇಳೆಯಲ್ಲೂ ದೀಪ ಉರಿಸಬೇಕು. ಕರಾವಳಿಯ ಜಡಿಮಳೆಯ ಹಗಲು ಕೂಡ ಇದರ ವ್ಯಾಪ್ತಿಗೆ ಬರುತ್ತದೆ. 106ನೇ ನಿಯಮದ ಪ್ರಕಾರ ದೀಪದಿಂದ 8 ಮೀಟರ್ ಮುಂದೆ, ಬಲಕ್ಕೆ ಅರ್ಧ ಮೀಟರ್ ಸರಿದು, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಗೆ ಕಣ್ಣು ಕೋರೈಸದಂತೆ ಬೆಳಕು ಕೆಳಮುಖವಾಗಿರಬೇಕು.

ವಾಹನಗಳ ಮಾರ್ಪಾಡಿನ ಬಗ್ಗೆ ಹೇಳುವುದು ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ. ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಈ ಕಲಂ ಕುರಿತು ತೀರ್ಪು ನೀಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ, ನಿಯಮಬಾಹಿರವಾಗಿ ವಾಹನ ಮಾರ್ಪಡಿಸುವ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡುತ್ತದೆ.

ಬೆಜೆಲ್‌ಗೆ ಬಳಿದ ಬಣ್ಣ ‘ಮಾರ್ಪಾಡು’ ಎನಿಸಿಕೊಳ್ಳುತ್ತದೆಯೇ ಎಂಬುದು ಚರ್ಚಾಸ್ಪದ. ವಾಹನದ ಮೂಲ ಲಕ್ಷಣವೇ ಬದಲಾಗುವಂತಹ ರಚನೆಯ ಬದಲಾವಣೆಯನ್ನು ಮಾರ್ಪಾಡು ಎಂದು 52ನೇ ಕಲಂ ವಿವರಿಸುತ್ತದೆ. ಆದರೆ ಹೆಡ್‌ಲೈಟ್ ಸುರಕ್ಷತೆಗೆ ಸಂಬಂಧಿಸಿದ ಬಿಡಿಭಾಗ. ಪುಣೆಯ ಎಆರ್‌ಎಐನಂತಹ ಪರೀಕ್ಷಾ ಸಂಸ್ಥೆಗಳಲ್ಲಿ ಅದಕ್ಕೆ ಅನುಮೋದನೆ ದೊರೆಯುವುದು ಇಡೀ ಘಟಕಕ್ಕೆ. ಬಿಚ್ಚಿ, ಬಳಿದು, ಮತ್ತೆ ಅಂಟಿಸಿದ ದೀಪ ಆ ಪರೀಕ್ಷೆಯಲ್ಲಿ ಗೆದ್ದ ದೀಪವಲ್ಲ. ಅಪಘಾತವಾದ ಸಂದರ್ಭದಲ್ಲಿ ವಿಮಾ ಕಂಪನಿಯವರು ಮೊದಲು ಎತ್ತುವ ಪ್ರಶ್ನೆಗಳಲ್ಲಿ ಇದೂ ಒಂದಾಗಬಹುದು. ಕಾರಿನ ವಾರಂಟಿ ಅವಧಿ ಮುಗಿಯದಿದ್ದರೆ ದೀಪದ ಮೇಲಿನ ಖಾತರಿಯನ್ನು ಕೈಬಿಟ್ಟಂತೆಯೇ ಸರಿ.

ಖಾಸಗಿ ಕಾರುಗಳ ನೋಂದಣಿ 15 ವರ್ಷ ಚಾಲ್ತಿಯಲ್ಲಿರುವುದರಿಂದ ಅಲ್ಲಿಯವರೆಗೆ ಸಾರಿಗೆ ಕಚೇರಿಯ ಕಡ್ಡಾಯ ತಪಾಸಣೆ ಎದುರಾಗುವುದಿಲ್ಲ. ಹೀಗಾಗಿ ಕಾವಲು ಕಾಯುವ ಹೊಣೆ ಮಾಲೀಕನ ಮೇಲೆಯೇ ಬೀಳುತ್ತದೆ.

ಬಣ್ಣ ಬೇಕೇ ಬೇಕೆನ್ನುವವರಿಗೆ

ಕಪ್ಪು ನೋಟ ಬೇಕೆನ್ನುವವರಿಗೆ ಇರುವ ಸುರಕ್ಷಿತ ದಾರಿ, ಅದೇ ಮಾದರಿಗೆ ತಯಾರಕರೇ ಕಪ್ಪು ಬೆಜೆಲಿನ ಡೂಮು ನೀಡಿದ್ದಾರೆಯೇ ಎಂದು ವಿಚಾರಿಸುವುದು. ಇದ್ದರೆ ಅದನ್ನೇ ಕೊಳ್ಳುವುದು ಲೇಸು. ದರ ಹೆಚ್ಚಾದರೂ ಮುಚ್ಚುಗೆ ಕಾರ್ಖಾನೆಯದಾಗಿರುತ್ತದೆ.

ಹೊದಿಕೆಯ ಹೊರಗೆ ಕಪ್ಪು ಫಿಲ್ಮ್ ಅಂಟಿಸುವುದು ಅಥವಾ ಸ್ಪ್ರೇ ಹೊಡೆಯುವುದು ಸರಿಯಾದ ಪರ್ಯಾಯವಲ್ಲ. ಡೂಮು ಬಿಚ್ಚುವ ಅಗತ್ಯವಿಲ್ಲವೆಂಬುದು ನಿಜ. ಆದರೆ ಹೊರಬರುವ ಬೆಳಕೆಲ್ಲ ಆ ಮಸುಕಿನ ಮೂಲಕವೇ ಹಾಯಬೇಕಾದ್ದರಿಂದ ಇದು ಬೆಜೆಲ್ ಬಣ್ಣಕ್ಕಿಂತ ಹೆಚ್ಚು ಹಾನಿಕರ.

ಈಗಾಗಲೇ ಬಣ್ಣ ಬಳಿಸಿರುವವರು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಸಮತಟ್ಟಾದ ನೆಲದಲ್ಲಿ, ಗೋಡೆಯಿಂದ 10 ಮೀಟರ್ ದೂರದಲ್ಲಿ ಕಾರು ನಿಲ್ಲಿಸಿ ಡಿಮ್ ಹಾಕಬೇಕು. ನೆಲದಿಂದ ಬಲ್ಬಿನ ಮಧ್ಯಕ್ಕಿರುವ ಎತ್ತರವನ್ನು ಗೋಡೆಯ ಮೇಲೆ ಗುರುತು ಮಾಡಿದರೆ, ಬೆಳಕಿನ ಮೇಲಂಚು ಸಾಮಾನ್ಯವಾಗಿ ಆ ಗುರುತಿಗಿಂತ ಸುಮಾರು 10 ಸೆಂ.ಮೀ. ಕೆಳಗಿರಬೇಕು. ಅಂಚು ಗೆರೆ ಎಳೆದಂತೆ ಕಾಣಬೇಕು. ಎರಡೂ ದೀಪಗಳ ಅಂಚು ಒಂದೇ ಮಟ್ಟದಲ್ಲಿರಬೇಕು. ಅಂಚು ಕದಡಿದ್ದರೆ, ನಡುವೆ ಕಪ್ಪು ಕಲೆಗಳಿದ್ದರೆ, ಒಂದು ದೀಪ ಇನ್ನೊಂದಕ್ಕಿಂತ ಮೇಲೆ ನೋಡುತ್ತಿದ್ದರೆ ಡೂಮು ಕೆಟ್ಟಿದೆ ಎಂದೇ ಅರ್ಥ. ಜೂನ್ ತಿಂಗಳ ಮೊದಲ ನಾಲ್ಕು ಮಳೆಯ ನಂತರ ಹೊದಿಕೆಯ ಒಳಗೆ ಹನಿ ನಿಂತಿದೆಯೇ ಎಂದು ನೋಡುವುದನ್ನೂ ಮರೆಯಬಾರದು. ತೆಳುವಾದ ಮಂಜು ದೀಪ ಉರಿಸಿದ ಸ್ವಲ್ಪ ಹೊತ್ತಿಗೆ ಆರಿದರೆ ಅದು ಸಹಜ. ಹನಿಗಟ್ಟಿ ಕೆಳಗೆ ನೀರು ನಿಂತರೆ ಮುಚ್ಚುಗೆ ಸೋತಿದೆ.

ಇನ್ನೂ ಬಣ್ಣ ಬಳಿಸದವರು ಗ್ಯಾರೇಜಿನವರನ್ನು ಕೆಲವು ಪ್ರಶ್ನೆ ಕೇಳಬೇಕು. ರಿಫ್ಲೆಕ್ಟರ್ ಮತ್ತು ಇಂಡಿಕೇಟರ್ ಬಟ್ಟಲನ್ನು ಮುಟ್ಟದೆ ಬೆಜೆಲ್ ಮಾತ್ರ ಬೇರ್ಪಡಿಸಲು ಬರುತ್ತದೆಯೇ? ಬಳಸುವ ಬಣ್ಣ ಶಾಖ ತಡೆಯುತ್ತದೆಯೇ? ಹಳೆಯ ಅಂಟನ್ನು ಪೂರ್ತಿ ತೆಗೆದು ಹೊಸ ಬ್ಯುಟೈಲ್ ಹಾಕುತ್ತಾರೆಯೇ? ಮುಚ್ಚಿದ ಮೇಲೆ ಬೆಳಕಿನ ಮಟ್ಟ ಸರಿಪಡಿಸಿಕೊಡುತ್ತಾರೆಯೇ? ಒಂದಕ್ಕಾದರೂ ಸಮರ್ಪಕ ಉತ್ತರ ಸಿಗದಿದ್ದರೆ ಕಾರನ್ನು ಹಾಗೆಯೇ ಮನೆಗೆ ತರುವುದು ವಿವೇಕ. ಬೆಜೆಲ್ ಮತ್ತು ರಿಫ್ಲೆಕ್ಟರ್ ಒಂದೇ ತುಂಡಾಗಿರುವ ದೀಪಗಳಲ್ಲಂತೂ ಈ ಯೋಚನೆಯನ್ನೇ ಕೈಬಿಡಬೇಕು.

ಹಗಲು ನಿಲ್ಲಿಸಿದ ಕಾರಿನ ಅಂದವನ್ನು ದಾರಿಹೋಕರೆಲ್ಲ ನೋಡುತ್ತಾರೆ. ರಾತ್ರಿ ಹನ್ನೊಂದರ ಮಳೆಯಲ್ಲಿ ಅಮದಳ್ಳಿಯ ಬಳಿ ಹೆದ್ದಾರಿ ದಾಟುವವನಿಗೆ ಆ ಅಂದ ಕಾಣಿಸುವುದಿಲ್ಲ. ಬರುತ್ತಿರುವ ಕಾರಿನ ಚಾಲಕನಿಗೆ ತಾನು ಕಾಣಿಸುತ್ತಿದ್ದೇನೆಯೇ ಎಂಬುದೊಂದೇ ಅವನಿಗೆ ಮುಖ್ಯ. 60 ಮೀಟರ್ ಮತ್ತು 42 ಮೀಟರ್ ನಡುವಿನ 18 ಮೀಟರಿನಲ್ಲಿ ಪಣಕ್ಕಿರುವುದು ಅವನ ಜೀವ.